ಒಣಗಿದ ಕೆರೆಯಲ್ಲಿ ಕಲಿತ ಮೀನುಗಾರಿಕೆ

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ನಿಮ್ಮ ಮುಂದೆ ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ನಿಂತು ಮಾತನಾಡುತ್ತಾರೆ. ಈ ಸಲ ಸಂಘದವರು ಸಮೇತನಹಳ್ಳಿಯ ಒಬ್ಬ ಮೀನು ಹಿಡಿಯುವವನನ್ನು ಕರೆದಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಫ್ಲೈ ಫಿಶಿಂಗ್ ತರಬೇತುದಾರರು’ ಎಂದು ಅಚ್ಚಾಗಿರುವುದನ್ನು ನೋಡಿ ನಮ್ಮ ಬೀದಿಯ ಹಿರಿಯರೊಬ್ಬರು, “ಏನಪ್ಪಾ, ನೀನು ನೊಣ ಹಿಡಿಯೋದನ್ನ ಕಲಿಸ್ತೀಯೋ, ಮೀನು ಹಿಡಿಯೋದನ್ನ ಕಲಿಸ್ತೀಯೋ?” ಎಂದು ಕೇಳಿದರು. ಅವರೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: “ಹಿಡಿದ ಮೀನನ್ನ ಮತ್ತೆ ನೀರಿಗೆ ಬಿಡ್ತೀರಂತೆ. ಬಿಡೋದಾದ್ರೆ ಹಿಡಿಯೋದು ಯಾಕೆ? ಹೊಟ್ಟೆಗಲ್ಲದೆ ಆಟಕ್ಕೆ ಒಂದು ಜೀವವನ್ನ ನೋಯಿಸಬಹುದಾ?” ಮೊದಲನೆಯದು ತಮಾಷೆ, ಎರಡನೆಯದು ತಮಾಷೆಯಲ್ಲ. ಅವರು ಈ ಸಭೆಯಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಎರಡಕ್ಕೂ ಉತ್ತರ ಹೇಳಿಯೇ ನಾನು ವೇದಿಕೆಯಿಂದ ಇಳಿಯಬೇಕು.

ನಮ್ಮ ಊರು ಗೊತ್ತಿಲ್ಲದವರಿಗೆ ಎರಡು ಮಾತು. ಸಮೇತನಹಳ್ಳಿ ಇರುವುದು ಹೊಸಕೋಟೆ ತಾಲ್ಲೂಕಿನಲ್ಲಿ, ವೈಟ್‌ಫೀಲ್ಡ್ ಕಡೆಯಿಂದ ಹೊಸಕೋಟೆಗೆ ಬರುವ ದಾರಿಯಲ್ಲಿ. ನಾನು ಚಿಕ್ಕವನಿದ್ದಾಗ ಸುತ್ತಮುತ್ತ ರಾಗಿ ಹೊಲ, ಹಿಪ್ಪುನೇರಳೆ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ಈಗ ಲೇಔಟು, ಗೋಡೌನು, ಅಪಾರ್ಟ್‌ಮೆಂಟು. ನಮ್ಮ ದಾದಾ ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಅಬ್ಬಾ ಟೆಂಪೊ ಓಡಿಸುತ್ತಿದ್ದರು. ಮೀನಿನ ಹುಚ್ಚು ಇದ್ದದ್ದು ಮಾಮೂಗೆ. ಬಿದಿರಿನ ಕೋಲು, ನೈಲಾನ್ ದಾರ, ನವಿಲುಗರಿಯ ಕಡ್ಡಿಯಿಂದ ಮಾಡಿದ ಬೆಂಡು, ಡಬ್ಬಿಯಲ್ಲಿ ಎರೆಹುಳು. ಕೆರೆ ಏರಿಯ ಮೇಲೆ ಅವರ ಪಕ್ಕ ಕುಳಿತು ನಾನು ಜಿಲೇಬಿ ಮೀನು, ಗೆಂಡೆ, ಮಳೆಗಾಲದಲ್ಲಿ ಒಂದೊಂದು ಕೊರಮೀನು ಹಿಡಿಯುವುದನ್ನು ಕಲಿತೆ. ಬಿರಿಯಾನಿಗಾಗಿ ಬೆಳಗಿನ ಜಾವ ನಾಲ್ಕು ಗಂಟೆಗೆ ಸಾಲು ನಿಲ್ಲುವ ಹೊಸಕೋಟೆ ಸೀಮೆಯವರು ಮೀನಿಗಾಗಿ ಕಾದು ಕೂರುವವನನ್ನು ಮಾತ್ರ ಸೋಮಾರಿ ಎನ್ನುತ್ತಾರೆ. ಇದು ನನಗೆ ಇನ್ನೂ ಅರ್ಥವಾಗದ ಸಂಗತಿ.

2013ರಲ್ಲಿ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಕೆರೆ ಒಣಗಿ ಅಂಗಳ ಬಿರುಕು ಬಿಟ್ಟಿತ್ತು. ಒಂದು ಸಂಜೆ ಆ ಒಣ ಅಂಗಳದ ನಡುವೆ ಒಬ್ಬ ವಯಸ್ಸಾದವರು ನಿಂತು, ತೆಳ್ಳನೆಯ ಉದ್ದ ಕೋಲಿನಿಂದ ಕಿತ್ತಳೆ ಬಣ್ಣದ ದಪ್ಪ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹಾರಿಸುತ್ತಿದ್ದರು. ದಾರದ ತುದಿಯಲ್ಲಿ ಗಾಳವಿಲ್ಲ, ಕೆಂಪು ಉಲ್ಲನ್ನಿನ ಒಂದು ಚೂರು ಕಟ್ಟಿತ್ತು. ದನ ಮೇಯಿಸುವ ಹುಡುಗರು ನಗುತ್ತಿದ್ದರು. ಅವರು ಹೊಸ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿ ಬಂದವರು, ಮುತ್ತತ್ತಿ ಕಡೆಯವರು. ಹೆಸರು ಹೇಳುವುದು ಬೇಡ, ಅವರಿಗೆ ಇಷ್ಟವಿರಲಿಲ್ಲ. ನಾನು ತಾತ ಎನ್ನುತ್ತಿದ್ದೆ.

“ತಾತ, ನೀರೇ ಇಲ್ಲವಲ್ಲ, ಏನು ಮಾಡ್ತಿದ್ದೀರಿ?” ಎಂದೆ.

“ನೀರು ಬಂದ ಮೇಲೆ ಕಲಿಯಕ್ಕೆ ಪುರುಸೊತ್ತು ಎಲ್ಲಿರ್ತದೆ ಮಗಾ? ಆಗ ಮೀನು ಹಿಡೀಬೇಕಲ್ಲ” ಎಂದರು.

ಹೀಗೆ ಆರಂಭವಾಯಿತು. ಈಗ ಮೊದಲ ಪ್ರಶ್ನೆಗೆ ಬರುತ್ತೇನೆ, ನೊಣವೋ ಮೀನೋ ಎಂಬುದಕ್ಕೆ.

ಮಾಮೂ ಹಾಕುತ್ತಿದ್ದ ಗಾಳದಲ್ಲಿ ದಾರದ ತುದಿಗೆ ಭಾರ ಇರುತ್ತದೆ. ಹುಳು, ಸೀಸ, ಬೆಂಡು ಸೇರಿ ಒಂದು ಸಣ್ಣ ಕಲ್ಲಿನಷ್ಟು. ಎಸೆದರೆ ಆ ಭಾರ ಮುಂದೆ ಹಾರುತ್ತದೆ, ದಾರ ಅದನ್ನು ಹಿಂಬಾಲಿಸುತ್ತದೆ. ಫ್ಲೈ ಎಂದರೆ ಗಾಳದ ಕೊಂಡಿಗೆ ಗರಿ, ಕೂದಲು, ದಾರ ಸುತ್ತಿ ಕಟ್ಟಿದ ಕೃತಕ ಕೀಟ. ಅದಕ್ಕೆ ತೂಕವೇ ಇಲ್ಲ ಎನ್ನಬಹುದು. ಒಂದು ಗರಿಯನ್ನು ನಲವತ್ತು ಅಡಿ ದೂರ ಎಸೆದು ನೋಡಿ, ಆಗುವುದಿಲ್ಲ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ದಾರದ ಮೊದಲ 30 ಅಡಿಯ ತೂಕದ ಮೇಲೆ ಅದಕ್ಕೆ ನಂಬರು ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ 5ನೇ ನಂಬರಿನ ದಾರದ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗುತ್ತದೆ. ನಮ್ಮ ಹಳೆಯ ದಪ್ಪ ಐದು ರೂಪಾಯಿ ನಾಣ್ಯದಷ್ಟು. ಆ ನಾಣ್ಯವನ್ನು ಕರಗಿಸಿ 30 ಅಡಿ ದಾರವಾಗಿ ಎಳೆದಿದ್ದಾರೆ ಎಂದುಕೊಳ್ಳಿ. ಅದನ್ನು ಎಸೆಯಲು ತೋಳಿನ ಬಲ ನೆರವಿಗೆ ಬರುವುದಿಲ್ಲ. ಕೋಲನ್ನು ನಿಧಾನವಾಗಿ ಆರಂಭಿಸಿ, ವೇಗ ಹೆಚ್ಚಿಸುತ್ತಾ ಹೋಗಿ, ತಟ್ಟನೆ ನಿಲ್ಲಿಸಬೇಕು. ಕೋಲು ನಿಂತಾಗ ದಾರ ನಿಲ್ಲುವುದಿಲ್ಲ, ಅದು ಮುಂದೆ ಹೋಗುತ್ತದೆ. ಹೋಗುವಾಗ ಗಾಳಿಯಲ್ಲಿ ಕುದುರೆ ಲಾಳದಂತೆ ಒಂದು ಬಾಗು ಮೂಡಿ, ಬಿಚ್ಚಿಕೊಳ್ಳುತ್ತಾ ಸಾಗಿ, ಕೊನೆಯಲ್ಲಿ ಗರಿಯ ಕೀಟವನ್ನು ನೀರಿನ ಮೇಲೆ ಮೆಲ್ಲಗೆ ಇಡುತ್ತದೆ.

ಇದರಲ್ಲಿ ಕಷ್ಟವಾದದ್ದು ಹಿಂದಿನ ಎಸೆತ. ಮುಂದಕ್ಕೆ ಎಸೆಯುವ ಮೊದಲು ದಾರವನ್ನು ಬೆನ್ನ ಹಿಂದಕ್ಕೆ ಎಸೆದು, ಅದು ಪೂರ್ತಿ ನೇರವಾಗುವವರೆಗೆ ಕಾಯಬೇಕು. ಬೆನ್ನ ಹಿಂದಿನದು ಕಣ್ಣಿಗೆ ಕಾಣುವುದಿಲ್ಲ. ಬೇಗ ಮುಂದೆ ತಂದರೆ ಚಾಟಿ ಬೀಸಿದಂತೆ ‘ಚಟ್’ ಎಂದು ಸದ್ದಾಗಿ ತುದಿಯ ಕೀಟ ಕಿತ್ತುಹೋಗುತ್ತದೆ. ತಡ ಮಾಡಿದರೆ ದಾರ ನೆಲಕ್ಕೆ ಬೀಳುತ್ತದೆ. ದಾರ ಉದ್ದವಾದಷ್ಟೂ ಕಾಯುವ ಹೊತ್ತು ಹೆಚ್ಚು. ನಾನು ಮೊದಲ ಎರಡು ತಿಂಗಳು ಕಾದದ್ದೇ ಇಲ್ಲ. ತಾತ ನನ್ನ ಹಿಂದೆ ನಿಂತು, ದಾರ ನೇರವಾದ ಕ್ಷಣಕ್ಕೆ “ಹ್ಞೂಂ” ಎನ್ನುತ್ತಿದ್ದರು. ಆ “ಹ್ಞೂಂ” ಕೇಳಿದ ಮೇಲೆ ಕೈ ಆಡಿಸಬೇಕು. ಆರು ತಿಂಗಳು ಕಳೆದ ಮೇಲೆ ಒಂದು ದಿನ ಅವರು ಸುಮ್ಮನಾದರು. ನಾನು ತಿರುಗಿ ನೋಡಿದೆ. ಅವರು ಏರಿಯ ಮೇಲೆ ಕುಳಿತು ಬೀಡಿ ಹಚ್ಚಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ, ನನಗೆ ಗೊತ್ತಾಗಿರಲಿಲ್ಲ.

ಈ ವಿದ್ಯೆ ವಿಲಾಯತಿಯದು, ನಮಗೇಕೆ ಎನ್ನುವವರಿದ್ದಾರೆ. ಗರಿ ಕಟ್ಟಿದ ಗಾಳದ ಬಗ್ಗೆ ಮೊದಲ ಬರಹ ಸುಮಾರು ಕ್ರಿ.ಶ. 200ರ ಹೊತ್ತಿನ ರೋಮನ್ ಲೇಖಕ ಏಲಿಯನ್‌ನದು. ಮ್ಯಾಸಿಡೋನಿಯದ ಜನ ಕೊಂಡಿಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿ ಸೇರಿಸಿ ಹೊಳೆಮೀನು ಹಿಡಿಯುತ್ತಿದ್ದರೆಂದು ಆತ ದಾಖಲಿಸಿದ್ದಾನೆ. ಆದರೆ ಗಾಳದ ಮೀನುಗಾರಿಕೆಯನ್ನು ಒಂದು ವಿದ್ಯೆಯೆಂದು ಗಣಿಸಿ ಬರೆದವರು ನಮ್ಮ ನಾಡಿನಲ್ಲೂ ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ಕ್ರಮ ಎಲ್ಲ ಅದರಲ್ಲಿದೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದರ ಮೇಲೆ ಲೇಖನವನ್ನೇ ಬರೆದರು. ಇನ್ನು ಇಂಗ್ಲಿಷರ ಕಾಲಕ್ಕೆ ಬಂದರೆ, ಭಾರತದ ಗಾಳದ ಮೀನುಗಾರಿಕೆಗೆ ಕೈಪಿಡಿಯಂತಿದ್ದ ‘ದಿ ರಾಡ್ ಇನ್ ಇಂಡಿಯಾ’ ಅಚ್ಚಾದದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್. ಅವರೇ 1887ರಲ್ಲಿ ಭಾರತದ ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಕೆರೆ ಏರಿಯ ಮೇಲೆ ಕೂತ ನಮ್ಮ ಮಾಮೂ ಅವರ ಸೋಮಾರಿತನಕ್ಕೆ ಇಷ್ಟು ಹಿನ್ನೆಲೆ ಇದೆ ಎಂದು ನನಗೆ ಆಮೇಲೆ ತಿಳಿಯಿತು.

ತಾತನಿಗೆ ಈ ಕೋಲು ಎಲ್ಲಿಂದ ಬಂತು ಎಂಬುದನ್ನು ಹೇಳಲೇಬೇಕು. ಅವರ ಜೀವನವೆಲ್ಲ ಕಾವೇರಿ. ಚಿಕ್ಕಂದಿನಲ್ಲಿ ಹೊಳೆಗೆ ತೋಟೆ ಹಾಕಿ ಮೀನು ಹೊಡೆದವರು ತಾವೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲು ಹಾಕಿತು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಜಂಗಲ್ ಲಾಡ್ಜಸ್‌ನವರ ಮೀನುಗಾರಿಕೆ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ನೀರಿಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಹೊಳೆಯ ಕಲ್ಲು ಕಲ್ಲೂ ಬಲ್ಲ ಸುತ್ತಲಿನ ಊರುಗಳವರಿಗೆ ಅಲ್ಲಿ ಮಾರ್ಗದರ್ಶಕರ ಕೆಲಸ ಸಿಕ್ಕಿತು. ತೋಟೆ ಹಾಕುತ್ತಿದ್ದ ಕೆಲವರೂ ಕಾವಲಿಗೆ ನಿಂತರು. ತಾತ ಹರಿಗೋಲು ನಡೆಸುತ್ತಾ, ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟುತ್ತಾ ಇಪ್ಪತ್ತು ವರ್ಷ ಕಳೆದರು. ರಾಗಿ ಮುದ್ದೆ ನಮಗೂ ಬೇಕು, ಕಾವೇರಿಯ ಬಿಳಿಮೀನಿಗೂ ಬೇಕು! ಈ ಬಿಳಿಮೀನೇ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. ಶಿಬಿರಕ್ಕೆ ಬಂದಿದ್ದ ಒಬ್ಬ ವಿಲಾಯತಿಯವರು ಫ್ಲೈ ಕೋಲು ತಂದಿದ್ದರು. ಹೋಗುವಾಗ ಅದನ್ನು ತಾತನ ಕೈಗಿತ್ತು ಹೋದರು.

2012ರ ಹೊತ್ತಿಗೆ ಅಭಯಾರಣ್ಯದ ಒಳಗಿನ ಕಾವೇರಿಯಲ್ಲಿ ಗಾಳ ಹಾಕುವುದು ನಿಂತಿತು. ವನ್ಯಜೀವಿ ಕಾನೂನಿನ ಮಾತು ಅದು. ಸರಿಯೋ ತಪ್ಪೋ ಎಂಬ ವಾದ ಈಗಲೂ ನಡೆದಿದೆ. ತಾತ ವಾದಕ್ಕೆ ನಿಲ್ಲಲಿಲ್ಲ. ಕೆಲಸ ಹುಡುಕಿಕೊಂಡು ನಮ್ಮೂರ ಗೇಟಿಗೆ ಬಂದರು.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಂಗತಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ತಾತನಿಗೆ ಓದು ಬರಹ ಬಾರದು. ಆದರೆ ಶಿಬಿರದಲ್ಲಿ ಪ್ರತಿದಿನ ಯಾರು ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೀನನ್ನು ತೂಗಿ ಹೇಳುವವರು ತಾತನಂಥವರು, ಬರೆಯುವವರು ಬೇರೆಯವರು. ಗಾಳಿಬೋರೆಯ 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದ ವಿಜ್ಞಾನಿಗಳು ಕುಳಿತು ಓದಿದರು. ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಅದರಲ್ಲಿತ್ತು. 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಒಟ್ಟು ಮೀನಿನ ಸಂಖ್ಯೆ ಏರಿತ್ತು, ಆದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಲೋಣಾವಳದ ಬಳಿಯ ಮೀನುಮರಿ ಕೇಂದ್ರದಿಂದ ಮರಿಗಳನ್ನು ತಂದು ಹೊಳೆಗೆ ಬಿಟ್ಟ ಜಾತಿ. ಕಾವೇರಿಯ ಸ್ವಂತ ಮೀನಾದ, ಬೆನ್ನು ಗೂನಾಗಿರುವ ದೊಡ್ಡ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿತ್ತು. ಮರಿ ಬಿಟ್ಟವರು ಮೀನಿನ ಮೇಲಿನ ಪ್ರೀತಿಯಿಂದಲೇ ಬಿಟ್ಟಿದ್ದರು. ಇನ್ನೂ ವಿಚಿತ್ರವೆಂದರೆ, ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಗಾಳಗಾರರೆಲ್ಲ ಕೊಂಡಾಡಿದ ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ನಿಗದಿಯಾಗಿರಲಿಲ್ಲ. ಅದು ಟಾರ್ ರೆಮಾದೇವಿ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅತ್ಯಂತ ಗಂಭೀರ ಪಟ್ಟಿಗೆ ಸೇರಿತು. ನಾನು ಇದನ್ನು ಓದಿ ಹೇಳಿದಾಗ ತಾತ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಗೂನ್ ಬೆನ್ನಿಂದು ಬರ್ತಿಲ್ಲ ಅಂತ ನಾವು ಅಂದುಕೊಳ್ತಿದ್ವು. ಅದು ಬರೆದವರ ಪುಸ್ತಕದಾಗೂ ಇತ್ತಾ?” ಎಂದರು.

ಇನ್ನು ನನ್ನ ಕಥೆ. ಫ್ಲೈ ಫಿಶಿಂಗ್ ಹೆಚ್ಚಾಗಿ ನಡೆಯುವುದು ಟ್ರೌಟ್ ಎಂಬ ತಣ್ಣೀರಿನ ಮೀನಿಗೆ. ಅದು ನಮ್ಮ ದೇಶದ್ದಲ್ಲ. ಕಾಶ್ಮೀರಕ್ಕೆ 1900ರಲ್ಲಿ ಮೊಟ್ಟೆಗಳನ್ನು ಹಡಗಿನಲ್ಲಿ ತಂದು ಬೆಳೆಸಿದರು. ಅದರ ಹಿಂದಿನ ವರ್ಷ ತಂದವು ದಾರಿಯಲ್ಲೇ ಹಾಳಾಗಿದ್ದವು. ನೀಲಗಿರಿಯಲ್ಲೂ ಹಿಮಾಚಲದಲ್ಲೂ ಅದು ಆಮೇಲೆ ನೆಲೆಯೂರಿತು. ಡಿಗ್ರಿ ಮುಗಿಸಿ ನಾನು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಎರಡು ಹಂಗಾಮು ಒಂದು ವಸತಿಗೃಹದಲ್ಲಿ ಸಹಾಯಕನಾಗಿ ದುಡಿದೆ. ಅಲ್ಲಿ ನೀರು ಎಷ್ಟು ತಣ್ಣಗೆಂದರೆ ಹೊಸಕೋಟೆಯ ಕಾಲುಗಳಿಗೆ ಅದು ಶಿಕ್ಷೆ. ನನ್ನ ಎಸೆತ ನೋಡಿದವರು, “ನೀನು ತರಬೇತುದಾರನ ಪರೀಕ್ಷೆ ಏಕೆ ಬರೆಯಬಾರದು?” ಎಂದರು.

ಈ ಪರೀಕ್ಷೆಗಳ ವಿಷಯ ನಿಮಗೆ ಹೊಸದಿರಬಹುದು. ಅಮೆರಿಕದಲ್ಲಿ 1965ರಲ್ಲಿ ಹುಟ್ಟಿದ, ಈಗ ಫ್ಲೈ ಫಿಶರ್ಸ್ ಇಂಟರ್‌ನ್ಯಾಷನಲ್ ಎಂಬ ಹೆಸರಿನ ಸಂಸ್ಥೆ 1992ರಿಂದ ಎಸೆತ ಕಲಿಸುವವರಿಗೆ ಪರೀಕ್ಷೆ ನಡೆಸುತ್ತಾ ಬಂದಿದೆ. ಬ್ರಿಟನ್ನಿನಲ್ಲೂ ಇಂಥ ಸಂಸ್ಥೆಗಳಿವೆ. ಲಿಖಿತ ಪ್ರಶ್ನೆಗಳು, ಎಸೆದು ತೋರಿಸುವುದು, ಕಲಿಸಿ ತೋರಿಸುವುದು, ಎಲ್ಲ ಇರುತ್ತದೆ. ಮೀನು ಹಿಡಿದು ತೋರಿಸು ಎಂದು ಯಾರೂ ಕೇಳುವುದಿಲ್ಲ. ನೀರೂ ಬೇಕಾಗಿಲ್ಲ, ಹುಲ್ಲಿನ ಮೈದಾನ ಸಾಕು. ಇದನ್ನು ಕೇಳಿ ನಾನು ಒಳಗೊಳಗೆ ಹಿಗ್ಗಿದೆ. ಒಣ ನೆಲದ ಮೇಲೆ ನನ್ನನ್ನು ಸೋಲಿಸುವವರು ಯಾರು?

2017ರಲ್ಲಿ ಅಂಥ ಒಂದು ಪರೀಕ್ಷೆಗೆ ಕುಳಿತೆ. ಶುಲ್ಕ, ರೈಲಿನ ಖರ್ಚು ಎಲ್ಲ ಅಬ್ಬಾ ಟೆಂಪೊ ಸಾಲದ ಕಂತು ತಡೆದು ಕೊಟ್ಟ ಹಣ. ಬರಹ ಆಯಿತು. ಎಸೆತ ಆಯಿತು. ಆಮೇಲೆ ಪರೀಕ್ಷಕರು ಕೋಲು ಹಿಡಿದು, “ನಾನು ಅರವತ್ತು ವರ್ಷದ ಹೊಸ ಕಲಿಯುವವ. ನನ್ನ ದಾರ ಹಿಂದೆ ನೆಲಕ್ಕೆ ಬೀಳುತ್ತಿದೆ. ಸರಿಪಡಿಸಿ” ಎಂದು ಬೇಕೆಂದೇ ತಪ್ಪು ಎಸೆದರು. ನಾನು ಅವರ ಕೈಯಿಂದ ಕೋಲು ತೆಗೆದುಕೊಂಡು, “ಹೀಗೆ ಮಾಡಿ” ಎಂದು ತೋರಿಸಿದೆ. ಅವರು ಮತ್ತೆ ಅದೇ ತಪ್ಪು ಮಾಡಿದರು. ನಾನು ಮತ್ತೆ ಕೋಲು ತೆಗೆದುಕೊಂಡೆ. ಮೂರನೆಯ ಸಲ ಅವರು ಕೋಲು ಕೊಡಲಿಲ್ಲ. “ನಾವಿಬ್ಬರೂ ಫೋನಿನಲ್ಲಿ ಮಾತನಾಡುತ್ತಿದ್ದೇವೆ ಎಂದುಕೊಳ್ಳಿ. ನೀವು ನನಗೆ ಕಾಣಿಸುವುದಿಲ್ಲ. ಈಗ ಹೇಳಿ” ಎಂದರು. ನನಗೆ ಒಂದು ವಾಕ್ಯವೂ ಹೊರಡಲಿಲ್ಲ. ನನ್ನ ಕೈಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅನುತ್ತೀರ್ಣ ಎಂದು ಬರೆದುಕೊಟ್ಟರು. ಅವರು ಮಾಡಿದ್ದು ನ್ಯಾಯವೇ. ಮನೆಗೆ ಬಂದು ಹೇಳಿದಾಗ ಅಬ್ಬಾ, “ಊಟ ಮಾಡು” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ತಾತನಿಗೆ ಹೇಳಿದಾಗ ಅವರು ನನ್ನ ಎಡಗೈ ಹಿಡಿದು, “ಈ ಕೈಯಾಗೆ ಎಸಿ ನೋಡುವಾ” ಎಂದರು. ಎಸೆದೆ. ದಾರ ಮೈಮೇಲೆಲ್ಲ ಸುತ್ತಿಕೊಂಡಿತು. ನಾಲ್ಕು ವರ್ಷದಲ್ಲಿ ಬಲಗೈ ಕಲಿತದ್ದೆಲ್ಲ ಎಡಗೈಗೆ ಶೂನ್ಯ. ಮಣಿಕಟ್ಟು ಬಗ್ಗುತ್ತಿತ್ತು, ಕಾಯುವ ತಾಳ್ಮೆ ಇರಲಿಲ್ಲ, ಬಲ ಹಾಕುತ್ತಿತ್ತು. ಹೊಸಬರು ಮಾಡುವ ತಪ್ಪುಗಳೆಲ್ಲ ನನ್ನ ಮೈಯಲ್ಲೇ ಬಂದು ನಿಂತವು. ಎರಡು ವರ್ಷ ಎಡಗೈಗೆ ಪಾಠ ಹೇಳಿದೆ, ಬಾಯಿಬಿಟ್ಟು ಹೇಳಿದೆ. ಏನು ಹೇಳಿದರೆ ಕೈ ಕೇಳುತ್ತದೆ, ಏನು ಹೇಳಿದರೆ ಕೇಳುವುದಿಲ್ಲ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದೆ. ಮಣಿಕಟ್ಟು ಬಗ್ಗುವವರಿಗೆ ‘ಬಗ್ಗಿಸಬೇಡಿ’ ಎಂದರೆ ಇನ್ನಷ್ಟು ಬಗ್ಗಿಸುತ್ತಾರೆ. ಕೋಲಿನ ಬುಡವನ್ನು ಕರ್ಚೀಫಿನಿಂದ ಮುಂಗೈಗೆ ಕಟ್ಟಿಬಿಟ್ಟರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಇದು ತಾತನ ಉಪಾಯ. ದಾರ ಬೀಳುವುದನ್ನು ನೋಡುತ್ತಾ ನಿಂತರೆ ಕಾರಣ ಸಿಗುವುದಿಲ್ಲ, ಕೋಲಿನ ತುದಿ ನಡೆದ ದಾರಿಯನ್ನು ನೋಡಬೇಕು ಎಂಬುದನ್ನೂ ಆಗಲೇ ಕಂಡುಕೊಂಡೆ. ಬಿಲ್ ಗ್ಯಾಮೆಲ್ ಮತ್ತು ಜೇ ಗ್ಯಾಮೆಲ್ ಎಂಬಿಬ್ಬರು 1990ರಲ್ಲಿ ಎಸೆತದ ಐದು ಮೂಲತತ್ವಗಳನ್ನು ಬರೆದಿದ್ದಾರೆ. ಕೋಲಿನ ತುದಿ ನೇರ ಗೆರೆಯಲ್ಲಿ ಸಾಗಬೇಕೆಂಬುದು ಅವುಗಳಲ್ಲೊಂದು. ಪರೀಕ್ಷೆಗೆ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥವಾದದ್ದು ಎಡಗೈಯಿಂದ.

ನನ್ನ ಮೊದಲ ವಿದ್ಯಾರ್ಥಿನಿ ಅಮ್ಮೀ. ಮನೆಯ ಮುಂದಿನ ಅಂಗಳದಲ್ಲಿ ಕೋಲಿನ ತುದಿಭಾಗ ಮಾತ್ರ ಕೈಗೆ ಕೊಟ್ಟು, ಉಲ್ಲನ್ ಎಳೆ ಕಟ್ಟಿ, ‘ವೇಗ ಹೆಚ್ಚಿಸಿ ತಟ್ಟನೆ ನಿಲ್ಲಿಸು’ ಎಂದು ವಿವರಿಸತೊಡಗಿದೆ. ಅರ್ಧಕ್ಕೇ ತಡೆದು, “ಒಗೆದ ಬಟ್ಟೆ ಕೊಡವೋ ಹಾಗೆ ತಾನೇ?” ಎಂದು ಒಮ್ಮೆಗೇ ಮಾಡಿ ತೋರಿಸಿದರು. ನಾನು ಆರು ತಿಂಗಳು ಕಲಿತದ್ದು! ಈಗ ಯಾರಿಗೆ ಕಲಿಸುವಾಗಲೂ ಮೊದಲು ಒಂದು ಒದ್ದೆ ಟವೆಲ್ ಕೊಡುತ್ತೇನೆ. ಹೆಣ್ಣುಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಗಂಡುಹುಡುಗರು ತೋಳು ತೋರಿಸಲು ಹೋಗಿ ಗಂಟು ಹಾಕಿಕೊಳ್ಳುತ್ತಾರೆ. ಇದು ನನ್ನ ಅನುಭವ 	ಮಾತ್ರವಲ್ಲ, ಈ ವಿದ್ಯೆಯಲ್ಲಿ ಜಗತ್ತೇ ಗುರುವೆಂದು ಒಪ್ಪಿದವರಲ್ಲಿ ಒಬ್ಬರು ಮಹಿಳೆ. 1926ರಲ್ಲಿ ಹುಟ್ಟಿದ ಜೋನ್ ವುಲ್ಫ್ 1960ರಲ್ಲಿ 161 ಅಡಿ ಎಸೆದರು. 1979ರಲ್ಲಿ ಪತಿ ಲೀ ವುಲ್ಫ್ ಜೊತೆ ನ್ಯೂಯಾರ್ಕ್ ರಾಜ್ಯದಲ್ಲಿ ಶಾಲೆ ತೆರೆದು ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡರು.

ಕನ್ನಡದಲ್ಲಿ ಕಲಿಸಲು ಹೊರಟಾಗ ಪದಗಳ ತೊಡಕು ಬಂತು. ಇಂಗ್ಲಿಷಿನ ಲೂಪ್ ಎಂಬುದಕ್ಕೆ ನಾನು ಕುಣಿಕೆ ಎಂದೆ. ಒಬ್ಬ ಹುಡುಗಿ, “ಅಣ್ಣಾ, ಕುಣಿಕೆ ಅಂದ್ರೆ ಬಿಗಿಯೋದು, ಇದು ಬಿಚ್ಚಿಕೊಂಡು ಹೋಗ್ತಿದೆಯಲ್ಲ” ಎಂದು ಆಕ್ಷೇಪಿಸಿದಳು. ಅವಳು ಹೇಳಿದ್ದು ಸರಿ. ಆಗ ದಾದಾ ನೆನಪಾಗಿ ಅದನ್ನು ‘ಲಾಳ’ ಎಂದು ಕರೆದೆ. ಈಗ ನಮ್ಮ ಮಕ್ಕಳೆಲ್ಲ “ನಿನ್ನ ಲಾಳ ಅಗಲ ಆಯ್ತು”, “ಲಾಳ ಕಿರಿದು ಮಾಡು” ಎನ್ನುತ್ತಾರೆ. ದಾರದ ಸಡಿಲಿಗೆ ‘ಜೋಲು’ ಎಂದೆವು. ಫ್ಲೈ ಕಟ್ಟಲು ಬೇಕಾದ ಸಾಮಾನು ಪೇಟೆಯಲ್ಲಿ ದುಬಾರಿ. ನಾವು ಕೋಳಿ ಅಂಗಡಿಯಿಂದ ಹುಂಜದ ಕತ್ತಿನ ಗರಿ, ದರ್ಜಿಯಿಂದ ದಾರ, ಸವೆದ ಹವಾಯಿ ಚಪ್ಪಲಿಯ ತುಂಡು ತರುತ್ತೇವೆ. ಚಪ್ಪಲಿಯನ್ನು ಕೊರೆದು ಮಾಡಿದ ಕಪ್ಪೆ ನೀರಿನ ಮೇಲೆ ತೇಲುತ್ತಾ ‘ಪುಳಕ್’ ಎಂದರೆ ಕೊರಮೀನು ಬಿಡುವುದಿಲ್ಲ. ಕಾಡುಕೋಳಿಯ ಗರಿಗೆ ಹಿಂದೆ ವಿಲಾಯತಿಯಲ್ಲಿ ಬಹಳ ಬೆಲೆಯಿತ್ತು. ಈಗ ಆ ಹಕ್ಕಿಗೆ ಕಾನೂನಿನ ರಕ್ಷಣೆ ಇದೆ, ಅದರ ತಂಟೆ ಬೇಡ.

2019ರಲ್ಲಿ ಎರಡನೆಯ ಸಲ ಪರೀಕ್ಷೆಗೆ ಕುಳಿತು ಉತ್ತೀರ್ಣನಾದೆ. ಆ ಸಲ ಪರೀಕ್ಷಕರು ಕೋಲು ಕೊಡಲು ಬಂದರೂ ನಾನು ಕೈ ಹಿಂದೆ ಕಟ್ಟಿಕೊಂಡಿದ್ದೆ. ಸರ್ಟಿಫಿಕೇಟನ್ನು ತಾತನಿಗೆ ತೋರಿಸಲು ಮುತ್ತತ್ತಿ ಕಡೆಗೆ ಹೋದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಊರು ಸೇರಿದ್ದರು. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ಏನು ಬರೆದವ್ರೆ?” ಎಂದರು. ಓದಿ ಹೇಳಿದೆ. “ಎಡಗೈ ಸರಿಯಾಯ್ತಾ?” ಎಂದು ಕೇಳಿದರು. ಮೂವತ್ತು ಅಡಿ ಹೋಗುತ್ತದೆ ತಾತ ಎಂದೆ. “ಸಾಲದು” ಎಂದರು.

ಇದನ್ನು ಕೇಳಿ ಯಾರಾದರೂ ಹುಡುಗರು ಕಾಲೇಜು ಬಿಟ್ಟು ಕೋಲು ಹಿಡಿದರೆ ನಿಮ್ಮ ತಂದೆತಾಯಿಯರು ನನ್ನ ಮನೆಗೆ ಬರುತ್ತಾರೆ. ಆದ್ದರಿಂದ ಲೆಕ್ಕ ಹೇಳಿಬಿಡುತ್ತೇನೆ. ಇದೊಂದನ್ನೇ ನಂಬಿ ನಮ್ಮ ಕಡೆ ಸಂಸಾರ ನಡೆಸುವುದು ಕಷ್ಟ. ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. 2020ರಲ್ಲಿ ಕೊರೋನಾ ಬಂದಾಗ ಒಂದು ರೂಪಾಯಿ ಹುಟ್ಟಲಿಲ್ಲ. ಆ ದಿನಗಳಲ್ಲಿ ನನ್ನ ಕೈ ಹಿಡಿದದ್ದು ಬಿ.ಕಾಂ. ಈಗಲೂ ವಾರದಲ್ಲಿ ನಾಲ್ಕು ದಿನ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುತ್ತೇನೆ.

ಕೊನೆಗೆ ಮೂರನೆಯ ಸಾಲಿನ ಪ್ರಶ್ನೆ. ನಾನು ಆಲಿಮ್ ಅಲ್ಲ, ತೀರ್ಪು ಹೇಳುವ ಅಧಿಕಾರ ನನಗಿಲ್ಲ. ನಾನು ಏನು ಮಾಡುತ್ತೇನೆ ಎಂದಷ್ಟೇ ಹೇಳುತ್ತೇನೆ. ನಮ್ಮ ಕೆರೆಯಲ್ಲಿ ನೀರಿದ್ದಾಗ ಗುತ್ತಿಗೆದಾರರ ಒಪ್ಪಿಗೆ ಪಡೆದು ಹಿಡಿಯುವ ಜಿಲೇಬಿ ಮೀನನ್ನು ಬಿಡುವುದಿಲ್ಲ, ಮನೆಗೆ ತಂದು ತಿನ್ನುತ್ತೇವೆ. ಅದು 1952ರಲ್ಲಿ ಆಫ್ರಿಕಾ ಮೂಲದಿಂದ ಈ ದೇಶಕ್ಕೆ ಬಂದು ಕೆರೆಕೆರೆಯನ್ನೂ ಆಕ್ರಮಿಸಿದ ಮೀನು. ಬಿಡುವ ಪ್ರಶ್ನೆ ಏಳುವುದು ಮಹಶೀರ್‌ನಂಥ ಮೀನಿಗೆ. ಬಿಡುವವರಿಗೆ ನಾನು ಹೇಳುವುದು ಇಷ್ಟು: ಕೊಂಡಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಫೋಟೊಗಾಗಿ ನೀರಿನಿಂದ ಎತ್ತಿ ಹಿಡಿಯಬೇಡಿ. ಹೀಗೆ ಮಾಡಿದರೆ ಮೀನಿಗೆ ನೋವೇ ಆಗುವುದಿಲ್ಲ ಎಂದು ನಾನು ಹೇಳಲಾರೆ, ಹೇಳಿದರೆ ಸುಳ್ಳಾದೀತು. ಮಕ್ಕಳ ತರಗತಿಯಲ್ಲಿ ನೂರಕ್ಕೆ ತೊಂಬತ್ತು ದಿನ ನಾವು ಗಾಳವನ್ನೇ ಕಟ್ಟುವುದಿಲ್ಲ, ಉಲ್ಲನ್ ಕಟ್ಟುತ್ತೇವೆ. ಕಾವೇರಿಯ ಆ ತೂಕದ ಪುಸ್ತಕಗಳಿಲ್ಲದಿದ್ದರೆ ಗೂನುಬೆನ್ನಿನ ಮೀನು ಕರಗುತ್ತಿರುವುದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ ಎಂಬುದೂ ನಿಜ. ಅದೇ ಗಾಳಗಾರರಿಗಾಗಿ ಬೇರೆ ಜಾತಿಯ ಮರಿ ಬಿಟ್ಟದ್ದೂ ನಿಜ. ಚಾಚಾ, ಎರಡನ್ನೂ ತಮ್ಮ ಮುಂದೆ ಇಟ್ಟಿದ್ದೇನೆ. ಊಟದ ಹೊತ್ತಿಗೆ ನಿಮ್ಮ ಅಭಿಪ್ರಾಯ ಕೇಳಲು ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.

ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ನಮ್ಮ ತರಗತಿ ಇರುತ್ತದೆ. ಶುಲ್ಕವಿಲ್ಲ. ಕೋಲುಗಳು ನಾಲ್ಕೇ ಇವೆ, ಸರದಿ ಕಾಯಬೇಕಾಗುತ್ತದೆ. ಬರುವವರು ಟೋಪಿ ಹಾಕಿಕೊಂಡು ಬನ್ನಿ, ಕಣ್ಣಿಗೆ ಯಾವುದಾದರೂ ಕನ್ನಡಕ ಇರಲಿ. ಒಂದು ಹಳೆಯ ಟವೆಲ್ಲನ್ನೂ ತನ್ನಿ.